ಭಾಗ್ಯ ಅವರ ಹೆಸರಿಗೆ ಬರೆದ ಒಂದು ಗೋಲು

ಭಾರತ ತಂಡದಲ್ಲಿ ಒಂಬತ್ತು ವರ್ಷ ಡಿಫೆಂಡರ್ ಆಗಿ ಹಾಕಿ ಆಡಿದ ಮಹಿಳೆಯೊಬ್ಬರ ಸಾಧನೆಗೆ ಸೊನ್ನೆ ಅಂಕ ಕೊಟ್ಟವರು ಮೈಸೂರಿನ ಒಂದು ಕ್ರೀಡಾ ತರಬೇತಿ ಕೇಂದ್ರದ ಆಯ್ಕೆ ಸಮಿತಿಯವರು. ಇದು ಕೈತಪ್ಪಿನಿಂದ ಆದದ್ದಲ್ಲ. ಆಟ ತಿಳಿಯದವರು ಅರ್ಜಿ ನಮೂನೆ ತಯಾರಿಸಿದರು, ತಿಳಿದವರು ಅದನ್ನು ಓದದೆ ಸಹಿ ಹಾಕಿದರು. ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಸೋಮವಾರ ಬೆಳಗಿನ ಐದೂವರೆಗೆ ಹಾಸನದಲ್ಲಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದಾಗ ಕಂಡಕ್ಟರ್ ಉಚಿತ ಟಿಕೆಟ್ ಕೊಟ್ಟರು. ಹೊಳೆನರಸೀಪುರದವರೆಗೂ ಮಂಜು ಇತ್ತು. ಕೆ.ಆರ್. ನಗರದಲ್ಲಿ ಬಸ್ಸು ನಿಂತ ಹತ್ತು ನಿಮಿಷದಲ್ಲಿ ಎರಡು ಇಡ್ಲಿ ತಿಂದು, ಬಾಯಿ ಸುಡುವ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿಬಂದೆ. ಮೈಸೂರು ಸೇರಿದಾಗ ಎಂಟೂಮುಕ್ಕಾಲು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಭಾಗ್ಯ ಅವರ ಆಟದ ಬದುಕಿನ ಬಗ್ಗೆ ನಮ್ಮೂರಿನ ಓದುಗರಿಗೆ ಒಂದು ಲೇಖನ ಬರೆಯುವುದು, ಸಂಜೆಯ ಬಸ್ಸಿಗೆ ವಾಪಸಾಗುವುದು, ಇಷ್ಟೇ ನನ್ನ ಯೋಜನೆಯಾಗಿತ್ತು.

ಅವರು ಬೋಗಾದಿಯ ಹೊಸ ಬಡಾವಣೆಯೊಂದರಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದಾರೆ. ಕೆಳಗೆ ರಂಗೋಲಿ ಬಿಡಿಸುತ್ತಿದ್ದ ಮನೆಯೊಡತಿಯನ್ನು ವಿಚಾರಿಸಿದೆ. "ಇಂಡಿಯಾಗೆ ಆಡ್ದೋಳು ತಾನೇ? ಅದೇನು ತಡೀತಿದ್ಲೋ ಕಣ್ರೀ, ಟ್ಯಾಂಕ್ ತುಂಬಿ ಸುರಿಯೋದನ್ನ ಮಾತ್ರ ಒಂದ್ ದಿನಾನೂ ತಡ್ದಿಲ್ಲ," ಎಂದು ನಕ್ಕು, ಎದುರಿನ ಖಾಲಿ ನಿವೇಶನದತ್ತ ಕೈ ತೋರಿಸಿದರು.

ಜಲ್ಲಿ ರಾಶಿಯ ಪಕ್ಕದಲ್ಲಿ ಆರೇಳು ಹುಡುಗಿಯರು ಸ್ಟಿಕ್ ಹಿಡಿದು ನಿಂತಿದ್ದರು. ನಡುವೆ ಮೂವತ್ತಾರು ವರ್ಷದ ಭಾಗ್ಯ. "ಕಣ್ ಮುಚ್ಬೇಡ ಕಣೇ! ಚೆಂಡು ನೋಡು. ನನ್ನ ಮುಖದಲ್ಲೇನಿದೆ?" ಎಂದು ಒಬ್ಬಳನ್ನು ಗದರಿಸುತ್ತಿದ್ದರು. ಮೇಟಗಳ್ಳಿಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವರಿಗೆ ಮಧ್ಯಾಹ್ನದ ಪಾಳಿ. ಅದಕ್ಕೆ ಮೊದಲು ಪ್ರತಿದಿನ ಎರಡು ಗಂಟೆ ಈ ಪಾಠ.

ತಂಡದಲ್ಲಿ ನಿಮ್ಮ ಕೆಲಸವೇನಿತ್ತು ಎಂದು ಕೇಳಿದೆ. "ಪೆನಾಲ್ಟಿ ಕಾರ್ನರ್‌ನಲ್ಲಿ ನಮ್ಮ ಗೋಲಿಂದ ಮೊದ್ಲು ಓಡೋಳು ನಾನು. ಅವ್ರು ಬೀಸಿ ಹೊಡೀತಾರೆ, ನಾನು ಆ ಚೆಂಡಿನ ಎದುರಿಗೇ ಹೋಗ್ಬೇಕು. ಸ್ಟಿಕ್ಕಿಗೋ ಮೈಗೋ ತಾಗಿದ್ರೆ ಬಚಾವ್." ಬಲಮೊಣಕಾಲಿನ ಹೊಲಿಗೆಯನ್ನೂ ನೆಟ್ಟಗಾಗದ ಕಿರುಬೆರಳನ್ನೂ ತೋರಿಸಿದರು. 

ಅಂದು ಅವರು ಪಾಳಿಗೆ ರಜೆ ಹಾಕಿದ್ದರು. ಆ ಕ್ರೀಡಾ ಕೇಂದ್ರದ ತರಬೇತುದಾರರ ಹುದ್ದೆಗೆ ಹಾಕಿದ್ದ ಅರ್ಜಿಗೆ ಸಿಕ್ಕ ಅಂಕದ ಬಗ್ಗೆ ಆಕ್ಷೇಪಣೆ ಸಲ್ಲಿಸಲು ಅದೇ ಕೊನೆಯ ದಿನ. ಆ ಹುದ್ದೆ ಸಿಕ್ಕಿದರೆ ಹುಡುಗಿಯರನ್ನು ಜಲ್ಲಿಯಿಂದ ನಿಜವಾದ ಮೈದಾನಕ್ಕೆ ಕರೆದೊಯ್ಯಬಹುದಿತ್ತು. ನಾನೂ ಜೊತೆಗೆ ಹೊರಟೆ. ಆಟೋದವರು ನೂರಿಪ್ಪತ್ತು ರೂಪಾಯಿ ತೆಗೆದುಕೊಂಡರು.

ಕೇಂದ್ರದ ಕಚೇರಿಯ ಸೂಚನಾ ಫಲಕದಲ್ಲಿ ಪಟ್ಟಿ ಇತ್ತು. ಸಾಧನೆ ಎಂಬ ಶೀರ್ಷಿಕೆಯ ಕೆಳಗೆ ಇದ್ದದ್ದು ಒಂದೇ ಅಂಕಣ: ಹೊಡೆದ ಗೋಲುಗಳ ಸಂಖ್ಯೆ. ಗೋಲಿಗೊಂದು ಅಂಕ. ಒಂದೂ ಇಲ್ಲದವರಿಗೆ ಸಂದರ್ಶನವಿಲ್ಲ. ಭಾಗ್ಯ ಅವರ ಹೆಸರಿನ ಮುಂದೆ ಸೊನ್ನೆ. ನಾನು ಮೂರು ಸಲ ಓದಿದೆ.

ಗುಮಾಸ್ತರು ಕೆಟ್ಟವರಲ್ಲ, ನಮಗೆ ಕುರ್ಚಿ ಹಾಕಿಸಿದರು. "ಗೋಲೇ ಹೊಡೀದೆ ಅಷ್ಟು ವರ್ಷ ಹೆಂಗಮ್ಮ ಇಟ್ಕೊಂಡಿದ್ರು ನಿಮ್ಮನ್ನ?" ಎಂದು ನಿಜಕ್ಕೂ ಬೆರಗಿನಿಂದ ಕೇಳಿದರು.

"ಗೋಲು ಆಗ್ದಂಗೆ ನೋಡ್ಕೊಳ್ಳೋದು ನನ್ನ ಕೆಲ್ಸ ಸಾರ್."

"ಅದಕ್ಕೆ ಕಾಲಂ ಇಲ್ವಲ್ಲ. ನೆನಪು ಮಾಡ್ಕೊಳ್ಳಿ, ಒಂದಾದ್ರೂ ಇರುತ್ತೆ."

ಭಾಗ್ಯ ಬೇಸತ್ತು ನಕ್ಕರು. "ಒಂದಿದೆ ಸಾರ್. ಸೆಮಿಫೈನಲ್‌ನಲ್ಲಿ ಅವ್ರು ಹೊಡ್ದಿದ್ದು ನನ್ನ ಸ್ಟಿಕ್ಕಿಗೆ ತಾಗಿ ನಮ್ಮ ಗೋಲಿಗೇ ಹೋಯ್ತು. ಅದರಿಂದ್ಲೇ ಸೋತ್ವಿ."

ಗುಮಾಸ್ತರು ಆಗಲೇ ಪೆನ್ನು ತೆಗೆದಿದ್ದರು. ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು. "ಯಾವ ಕಡೆ ಗೋಲು ಅಂತ ನಮೂನೇಲಿ ಕೇಳಿಲ್ಲ ಕಣಮ್ಮ. ಸಂದರ್ಶನಕ್ಕೆ ಬಂದ್ಬುಡಿ."

ತಡೆದ ಚೆಂಡುಗಳಿಗೆಲ್ಲ ಸೊನ್ನೆ. ದೇಶವನ್ನು ಸೋಲಿಸಿದ ಒಂದೇ ಚೆಂಡಿಗೆ ಅಂಕ! ಆದರೂ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಾನು ಅವರ ಮೊಣಕೈ ಮುಟ್ಟಿ, "ಇರಲಿ ಬಿಡಿ ಅಕ್ಕಾ, ಕೆಲಸ ಮುಖ್ಯ," ಎಂದೆ.

ಅವರು ನನ್ನತ್ತ ತಿರುಗಲೂ ಇಲ್ಲ. "ಹೊಡೆದಾಕಿ ಸಾರ್."

"ಸಂದರ್ಶನ ಹೋಗ್ಬುಡುತ್ತೆ ಕಣಮ್ಮ!"

"ಹೋಗ್ಲಿ. ಆವತ್ತು ನಮ್ಮ ಹುಡ್ಗೀರು ಮೈದಾನದಲ್ಲೇ ಕೂತು ಅತ್ರು. ಅದನ್ನ ನನ್ನ ಸಾಧನೆ ಅಂತ ಬರ್ಕೊಂಡು ಬೇರೆ ಮಕ್ಕಳಿಗೆ ಏನಂತ ಕಲಿಸ್ಲಿ?"

ಗುಮಾಸ್ತರು ಒಂದರ ಮೇಲೆ ಗೆರೆ ಎಳೆದು, ಮತ್ತೆ ಸೊನ್ನೆ ಬರೆದರು. ಭಾಗ್ಯ ತಮ್ಮ ಆಕ್ಷೇಪಣಾ ಪತ್ರ ಕೊಟ್ಟು ಸ್ವೀಕೃತಿ ಕೇಳಿದರು. ಗುಮಾಸ್ತರು ಮೊಹರು ಒತ್ತಿ ಕೊಟ್ಟರು.

ಹೊರಗೆ ಬಂದು ಮಜ್ಜಿಗೆ ಕುಡಿದೆವು. ನಾನು ಕ್ಷಮೆ ಕೇಳಿದೆ. "ಬುಡಮ್ಮ, ನೀನೂ ನನ್ನ ಒಳ್ಳೇದಕ್ಕೇ ಅಂದಿದ್ದು," ಎಂದವರು ಗಡಿಯಾರ ನೋಡಿ, ಅರ್ಧ ಪಾಳಿಯಾದರೂ ಸಿಗಬಹುದೆಂದು ಮೇಟಗಳ್ಳಿಯ ಬಸ್ಸಿಗೆ ಓಡಿದರು. ಮೊಣಕಾಲಿನ ನೋವಿದ್ದರೂ ಆ ಓಟದ ಮೊದಲ ನಾಲ್ಕು ಹೆಜ್ಜೆ ಎಷ್ಟು ಚುರುಕಾಗಿತ್ತೆಂದರೆ ಕಂಡಕ್ಟರ್ ಸೀಟಿ ಊದುವ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ನಾನು ನಾಲ್ಕು ಗಂಟೆಯ ಹಾಸನದ ಬಸ್ಸಿನಲ್ಲಿ ಕೂತು ಇದನ್ನು ಬರೆಯಲು ತೊಡಗಿದೆ.

ಆಯ್ಕೆ ಸಮಿತಿಯ ಗೌರವಾನ್ವಿತ ಅಧ್ಯಕ್ಷರಲ್ಲಿ ನನ್ನ ಮನವಿ ಹೀಗಿದೆ: ಈ ನಮೂನೆಯನ್ನು ಯಾರು ಸಿದ್ಧಪಡಿಸಿದರು, ಯಾರು ಒಪ್ಪಿದರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಡಿಫೆಂಡರ್‌ಗಳ ಹಾಗೂ ಗೋಲ್‌ಕೀಪರ್‌ಗಳ ಅರ್ಜಿಗಳನ್ನು ಅವರು ಆಡಿದ ಪಂದ್ಯಗಳ ಆಧಾರದ ಮೇಲೆ ಮರುಪರಿಶೀಲಿಸಬೇಕು. ಅದು ಮುಗಿಯುವವರೆಗೆ ಸಂದರ್ಶನಗಳನ್ನು ತಡೆಹಿಡಿಯಬೇಕು. ಉತ್ತರವನ್ನು ನನಗೆ ಕಳುಹಿಸುವುದು ಬೇಡ, ಭಾಗ್ಯ ಅವರಿಗೆ ಕಳುಹಿಸಿ. ವಿಳಾಸ ಅವರ ಅರ್ಜಿಯ ಮೊದಲ ಪುಟದಲ್ಲಿದೆ. ಈ ಸಲವಾದರೂ ತೆರೆದು ಓದಿ.