ಬೀಗಿತ್ತಿಯರು ಭಾರ ಎತ್ತಿದ್ದು

ವಾಕಿಂಗ್ ಮಾಡಿದರಷ್ಟೇ ಸಾಲದು, ಭಾರ ಎತ್ತಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅಲ್ಲಿಯವರೆಗೆ ಎತ್ತಿದ ಭಾರವೆಂದರೆ ಉತ್ತರಪತ್ರಿಕೆಗಳ ಕಟ್ಟು.

"ಮೇಡಂ, ಸ್ನಾಯು ಕೆಲಸ ಮಾಡಿದಷ್ಟೂ ರಕ್ತದಲ್ಲಿರೋ ಸಕ್ಕರೆ ಖರ್ಚಾಗುತ್ತೆ. ನಗಬೇಡಿ, ಸೇರ್ಕೊಳ್ಳಿ," ಎಂದರು.

ಜೆ.ಪಿ. ನಗರದ ನಮ್ಮ ರಸ್ತೆಯಲ್ಲೇ ಜಿಮ್ ಇದೆ. ಆದರೆ ಅಲ್ಲಿ ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ಯಾರ ಕಣ್ಣಿಗೂ ಬೀಳಬಾರದೆಂದು ಸಾರಕ್ಕಿ ಸಿಗ್ನಲ್ ದಾಟಿ, ಬೇಕರಿಯ ಮಹಡಿ ಮೇಲಿನ ಸಣ್ಣ ಜಿಮ್ ಹುಡುಕಿದೆ. ಮೊದಲ ದಿನ ಬೆಳಿಗ್ಗೆ ಒಳಗೆ ಹೋಗಿ ನೋಡುತ್ತೇನೆ, ಕನ್ನಡಿಯ ಮುಂದೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಡಂಬೆಲ್ ಹಿಡಿದು ನಿಂತವರು ನಮ್ಮ ಬೀಗಿತ್ತಿ, ಸೊಸೆಯ ತಾಯಿ! ಗುರುತಿನವರ ಕಣ್ಣು ತಪ್ಪಿಸಲೆಂದೇ ಅವರೂ ಬನಶಂಕರಿಯಿಂದ ಅಲ್ಲಿಗೆ ಬಂದಿದ್ದರು.

ಮಕ್ಕಳ ಮದುವೆಯಾಗಿ ಎರಡು ವರ್ಷವಾಗಿದ್ದರೂ ನಮ್ಮಿಬ್ಬರ ಬೀಗರ ಬಿಗುಮಾನ ಸಡಿಲವಾಗಿರಲಿಲ್ಲ. ಅವರ ಮನೆಗೆ ಹೋದರೆ ನನ್ನ ತಟ್ಟೆಗೆ ಎರಡು ಹೋಳಿಗೆ, ನಮ್ಮಲ್ಲಿಗೆ ಬಂದರೆ ಅವರ ತಟ್ಟೆಗೆ ಎರಡು. ಇಬ್ಬರೂ ಬಾಯಿಮುಚ್ಚಿಕೊಂಡು ತಿನ್ನುತ್ತಿದ್ದೆವು.

"ನೀವಿಲ್ಲಿ?" ಎಂದೆ.

"ಸ್ವಲ್ಪ ಶುಗರ್ರು," ಎಂದು ಅವರು ಡಂಬೆಲ್ ಕೆಳಗಿಟ್ಟರು. "ನಿಮಗೆ?"

"ನನಗೂ. ಮದುವೆಗೆ ಮುಂಚಿಂದಾನೂ ಇದೆ."

"ಅಯ್ಯೋ, ಮತ್ತೆ ಆ ಹೋಳಿಗೆಗಳನ್ನೆಲ್ಲ ಯಾಕ್ರೀ ತಿಂದ್ರಿ?"

"ನೀವು ಬಡಿಸಿದ್ರಲ್ಲ!"

ನಾವು ನಕ್ಕ ಸದ್ದಿಗೆ ಟ್ರೈನರ್ ಓಡಿ ಬಂದ. ಇಬ್ಬರು ಆಂಟಿಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಕೈ ಊರದೆ ಕುರ್ಚಿಯಿಂದ ಏಳುವುದು, ರಬ್ಬರ್ ಪಟ್ಟಿ ಎಳೆಯುವುದು, ಆಮೇಲೆ ಡಂಬೆಲ್. ಅವರು ಸ್ವಲ್ಪ ಭಾರದ್ದು ತೆಗೆದುಕೊಂಡರೆ ನಾನೂ ಅದನ್ನೇ ಕೇಳುತ್ತಿದ್ದೆ. ಗಂಡಿನ ಕಡೆಯವಳು ಸೋಲುವುದುಂಟೇ? ಮಾರನೆಯ ದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳಲಿಲ್ಲ.

ಕೆಲವು ವಾರಗಳಾದ ಮೇಲೆ ಟ್ರೈನರ್ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ತೋರಿಸಿದ. "ಸಖತ್ತಾಗಿ ಕೆಲಸ ಮಾಡುತ್ತೆ ಆಂಟಿ." ಬೀಗಿತ್ತಿಗೆ ಆಸೆಯಾಯಿತು. ಡಾಕ್ಟರನ್ನು ಕೇಳದೆ ಬೇಡ ಎಂದು ನಾನು ಎಳೆದುಕೊಂಡು ಹೋದೆ. ಮೊದಲು ಇಬ್ಬರದೂ ಕಿಡ್ನಿಯ ಪರೀಕ್ಷೆ ಆಗಲಿ ಎಂದರು ಡಾಕ್ಟರು. ನನ್ನದು ಸರಿಯಿತ್ತು, ಸಕ್ಕರೆ ಬೆರೆಸದ ಪುಡಿಯನ್ನು ಸ್ವಲ್ಪವೇ ತೆಗೆದುಕೊಳ್ಳಬಹುದು ಎಂದರು. ಬೀಗಿತ್ತಿಯ ಕಿಡ್ನಿ ಕೊಂಚ ಸೋತಿತ್ತು, ಪುಡಿ ಬೇಡವೇ ಬೇಡ.

ಅವರ ಮುಖ ಬಾಡಿತು. "ನೀವು ಕುಡೀರಿ, ನಾನು ನೋಡ್ತೀನಿ," ಎಂದರು. ನಾನು ಮಜ್ಜಿಗೆಗೆ ಕಲಸಿ ಕುಡಿದರೆ ಗಂಟುಗಂಟು, ಗೋಡೆಯ ಸುಣ್ಣ ನೆಕ್ಕಿದ ಹಾಗೆ. ಅದನ್ನು ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಡಬ್ಬಿ ಮುಗಿದ ಮೇಲೆ ಮತ್ತೆ ಕೊಳ್ಳಲಿಲ್ಲ. ಹೆಸರುಕಾಳಿನ ಉಸಲಿ, ಮೊಸರು ಸಾಕೆನಿಸಿತು.

ಒಂದು ಬೆಳಿಗ್ಗೆ ತಡವಾಯಿತೆಂದು ಶುಗರಿನ ಮಾತ್ರೆ ನುಂಗಿ, ತಿಂಡಿ ತಿನ್ನದೆ ಜಿಮ್ಮಿಗೆ ಹೊರಟೆ. ಅರ್ಧದಲ್ಲೇ ಕೈ ನಡುಗಿತು. ಮೈಯೆಲ್ಲ ತಣ್ಣನೆಯ ಬೆವರು, ಕಣ್ಣು ಮಂಜು. ನಾಚಿಕೆಯಿಂದ ಸುಮ್ಮನೆ ಗೋಡೆಗೆ ಒರಗಿದೆ. ಬೀಗಿತ್ತಿ ನೋಡಿದರು. ನನ್ನ ಕೈಯ ಡಂಬೆಲ್ ಕಿತ್ತಿಟ್ಟು, ಕೂರಿಸಿ, ತಮ್ಮ ಬ್ಯಾಗಿನಿಂದ ಗ್ಲೂಕೋಸ್ ಪುಡಿ ತೆಗೆದು ನೀರಿಗೆ ಹಾಕಿದರು.

"ಪರವಾಗಿಲ್ಲ, ನಿಮಗ್ಯಾಕೆ ತೊಂದರೆ..." ಎಂದು ತೊದಲಿದೆ.

"ಬಾಯಿ ಮುಚ್ಕೊಂಡು ಕುಡಿಯೇ!" ಎಂದು ಗದರಿದರು.

ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆಂದು ಆ ಸ್ಥಿತಿಯಲ್ಲೂ ನನಗೆ ಅನುಮಾನ ಬಂತು. ಕುಡಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಅವರ ಕೈ ನನ್ನದಕ್ಕಿಂತ ಹೆಚ್ಚು ತಣ್ಣಗಿತ್ತು.

ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊಸ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಚೆನ್ನಾಗಿಯೇ ಇಳಿದಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ತಗ್ಗಿಸಿ, ಖಾಲಿ ಹೊಟ್ಟೆಯಲ್ಲಿ ಜಿಮ್ಮಿಗೆ ಹೋದದ್ದಕ್ಕೆ ತಾವೂ ಒಂದು ಸಲ ಬೈದರು.

ಆ ದಿನ ಬಂದ ಏಕವಚನ ಹಾಗೇ ಉಳಿದುಬಿಟ್ಟಿತು. ಮೊನ್ನೆ ನಾನು ಫೋನಿನಲ್ಲಿ "ಬೇಗ ಬಾರೇ, ಬೆಂಚ್ ಬೇರೆಯವರು ಹಿಡ್ಕೋತಾರೆ" ಎನ್ನುತ್ತಿದ್ದುದನ್ನು ಕೇಳಿ ಮಗ ಬೆಚ್ಚಿದ.

"ಅಮ್ಮ, ಅದು ನಮ್ಮ ಅತ್ತೇನಾ?"

"ಹೂಂ ಕಣೋ. ಏನೀಗ?" ಎಂದು ಶೂ ಹುಡುಕತೊಡಗಿದೆ.