ಬಾಗಿಲಕ ಕುಂತ ದುರಗಮ್ಮ

ಹುಲಿಹೈದರದಾಗ ಯಾರಾದ್ರೂ ಆಸ್ಪತ್ರಿ ಸೇರ್ಯಾರ ಅಂದ್ರ ಸಾಕು, ಅವರ ಸ್ವಂತ ಮಂದಿಗಿಂತ ಮೊದಲು ದುರಗಮ್ಮ ಚೀಲ ಹೆಗಲಿಗೆ ಹಾಕಿರ್ತಿದ್ಲು. ಚೀಲದಾಗ ಬ್ರೆಡ್ಡು, ಮೋಸಂಬಿ. ಬಗಲಾಗ ಗೆಳತಿ ಅಬೇದಾಬಿ. ಹಿಂದ ಒಂದು ಟಂಟಂ ಗಾಡಿ ತುಂಬ ಮಂದಿ. ಗಂಗಾವತಿ ಇರಲಿ, ಕುಷ್ಟಗಿ ಇರಲಿ, ಸೀದಾ ಒಳಗ ಹೋಗಿ ಪೇಷಂಟಿನ ಮಂಚದ ಮ್ಯಾಲೇ ಕುಂತು, ಗಲ್ಲ ಸವರಿ, ಹಣಿಗೆ ಭಂಡಾರ ಹಚ್ಚಿ, ಬಾಯಾಗ ಹಣ್ಣಿಟ್ಟು, "ಏನೂ ಆಗಂಗಿಲ್ಲೇಳು, ನಾ ಬಂದೀನಲ್ಲ" ಅಂದ್ರನ ಆಕಿಗೆ ಸಮಾಧಾನ. ನರ್ಸು ಬೈದ್ರ ನರ್ಸಿಗೂ ಒಂದು ಮೋಸಂಬಿ! ನಮ್ಮ ಕಡೆ ಬ್ಯಾನಿ ಬಿದ್ದವರನ್ನ ಮಾತಾಡಸಾಕ ಹೋಗಲಿಲ್ಲ ಅಂದ್ರ ಅದೇನು ಸಣ್ಣ ಮಾತೇನ್ರಿ? ವರ್ಷಾನುಗಟ್ಲೆ ಆಡಿಕೊಂತಾರ. ದುರಗಮ್ಮನ್ನ ಮಾತ್ರ ಯಾರೂ ಹಂಗ ಆಡಿಕೊಳ್ಳೂಹಂಗ ಇರಲಿಲ್ಲ.

ಅಂಥಾಕಿ ಸೊಸಿ ವಿಜಯಲಕ್ಷ್ಮಿಗೆ ಎರಡು ಸಾವಿರದ ಹದಿನೆಂಟರ ಬ್ಯಾಸಗ್ಯಾಗ ಅಪೆಂಡಿಕ್ಸ್ ಒಡೀತು. ಗಂಗಾವತ್ಯಾಗ ಆಪರೇಶನ್ ಏನೋ ಛಲೋ ಆತು. ಆದ್ರ ಆಮ್ಯಾಲೆ ಹತ್ತಿದ ಜ್ವರ ಇಳೀಲೇ ಇಲ್ಲ. ಹುಡುಗಿ ಕಣ್ಣು ತೇಲಿಸಾಕ ಹತ್ತಿದ್ಲು. ಅಂಬುಲೆನ್ಸಿನಾಗ ಹಾಕ್ಕೊಂಡು ಕೊಪ್ಪಳಕ್ಕ ತಂದ್ರು. ಅಲ್ಲಿ ರಕ್ತ ಪರೀಕ್ಷಾ ಮಾಡಿದ ಡಾಕ್ಟರು ಕವಿತಾ, ದುರಗಮ್ಮನ್ನ ಬಾಜೂಕ ಕರದು ಕುಂದ್ರಿಸಿಕೊಂಡ್ರು.

"ಅಮ್ಮಾ, ಜ್ವರದ ಹುಳ ರಕ್ತದಾಗ ಸೇರ್ಯಾವ. ದಿನಾ ಕೊಡೋ ಔಷಧಕ್ಕ ಅವು ಜಗ್ಗವಲ್ಲವು. ಎಲ್ಲಾ ಹಚ್ಚಿ ನೋಡೇವಿ, ಒಂದೇ ಒಂದು ಔಷಧ ಉಳದೈತಿ. ಅದು ಕೆಲಸ ಮಾಡೋತನ ಈಕಿ ಮೈಗೆ ಇನ್ನೊಂದು ಹುಳ ಹತ್ತಿತು ಅಂದ್ರ ನಮ್ಮ ಕೈಯಾಗ ಏನೂ ಇರಂಗಿಲ್ಲ."

"ಎಲ್ಲಿಂದ ಬರ್ತಾವವ್ವ ಅವು?"

"ಹೆಚ್ಚಾಗಿ ಕೈಯಿಂದ. ಮುಟ್ಟಿ ಮುಟ್ಟಿ."

ದುರಗಮ್ಮ ತನ್ನ ಕೈ ನೋಡಿಕೊಂಡ್ಲು. ಎಷ್ಟು ಮಂದಿ ಗಲ್ಲ ಸವರಿದ ಕೈ! "ನಾ ಮುಟ್ಟಿದ್ದಕ್ಕ ಬಂತೇನವ್ವ ಇದು?" ಅಂದ್ಲು.

"ಯಾರ ಕೈಯಿಂದ ಬಂತು ಅಂತ ಹೇಳಾಕ ಬರಂಗಿಲ್ಲಮ್ಮ. ನಮ್ಮ ಕೈಯಿಂದನೂ ಬಂದಿರಬಹುದು. ಅದಕ್ಕ ನಾವೂ ತೊಳಕೊಂಡೇ ಮುಟ್ತೀವಿ. ಮನಿಯವರೊಳಗ ಒಬ್ಬರನ್ನ ಮಾತ್ರ ಒಳಗ ಬಿಡ್ತೀನಿ. ಯಾರು ಬರ್ತೀರಿ?"

ದುರಗಮ್ಮನ ಜೀವ ಒಳಗ ಓಡಿಹೋಗಿತ್ತು. ಆದ್ರ ಬಾಜೂಕ ಬೀಗ್ತಿ ರೇಣುಕಾದೇವಿ ಸೆರಗು ಬಾಯಾಗ ತುರುಕಿಕೊಂಡು ನಿಂತಿದ್ಲು. ಹಡದಾಕಿ. ದುರಗಮ್ಮ, "ನೀ ಹೋಗು ಬೀಗ್ತಿ. ನನ್ನ ಕೈ ಸುಮ್ಮನಿರೂವಲ್ಲ. ನಾ ಬಾಗಿಲಕ ಇರ್ತೀನಿ" ಅಂದ್ಲು.

ಇರೋದಂದ್ರ ಹೆಂಗ ಅಂತೀರಿ? ಮರುದಿನ ಮುಂಜಾನಿ ಊರಿಗೆ ಊರೇ ಬಂತು! ಇಷ್ಟು ವರ್ಷ ಎಲ್ಲರನ್ನೂ ಮಾತಾಡಿಸಿದಾಕಿ ಸೊಸಿ ಮಲಗ್ಯಾಳ, ಯಾರು ಮನ್ಯಾಗ ಕುಂದ್ರತಾರ? ಬುಟ್ಟಿಗಟ್ಲೆ ಹಣ್ಣು, ಎಳನೀರು, ದೇವರ ಭಂಡಾರ. ಎಲ್ಲರ ಮುಂದ ದುರಗಮ್ಮನ ಖಾಸ ತಮ್ಮ ಅಮರಪ್ಪ.

"ಅಲ್ಲೇ ನಿಂದರ್ರಿ!" ದುರಗಮ್ಮ ಎರಡೂ ಕೈ ಅಗಲಿಸಿ ಬಾಗಲಕ್ಕ ಅಡ್ಡ ನಿಂತ್ಲು. "ಒಬ್ಬರೂ ಒಳಗ ಹೋಗಂಗಿಲ್ಲ."

"ಅಕ್ಕಾ, ನಾನು ಹೊರಗಿನಾವನೇನು? ಒಮ್ಮೆ ಮಾರಿ ನೋಡಿ ಬರ್ತೀನಿ."

"ನೀ ನೋಡಿದ್ರ ಆಕಿಗೆ ಆರಾಮ ಆಗತೈತೇನು? ನೀ ಏನು ಡಾಕ್ಟರೇನಲೇ?"

ಅಮರಪ್ಪನ ಮಾರಿ ಕೆಂಪಾತು. "ಬಂದವರನ್ನ ಬಾಗಲದಾಗಿಂದ ಕಳಸ್ತೀಯಲ್ಲ, ಇನ್ನ ನಿನ್ನ ಹೊಸ್ತಿಲ ತುಳಿಯಂಗಿಲ್ಲ ನೋಡು!"

"ತುಳೀಬ್ಯಾಡ ಹೋಗು! ನಿನ್ನ ಸಿಟ್ಟು ಇವತ್ತಲ್ಲ ನಾಳೆ ಇಳೀತೈತಿ. ಒಳಗಿನಾಕಿ ಹೋದ್ಲು ಅಂದ್ರ ನೀ ತಂದು ಕೊಡ್ತೀಯೇನು?"

ಮಂದಿ ಗೊಣಗುಟ್ಟಿತು. ಸೊಕ್ಕು ಬಂದೈತಿ ಅಂದ್ರು. ಮೊದಲು ಹಿಂದಕ್ಕ ಸರದಾಕಿ ಅಬೇದಾಬಿ. ತಂದ ಹಣ್ಣು ಕೆಳಗಿಟ್ಟು, ಗೆಳತಿ ಬಾಜೂಕ ಬಂದು ಬಾಗಲಕ್ಕ ಅಡ್ಡ ಕುಂತೇ ಬಿಟ್ಲು. ಇಬ್ಬರನ್ನೂ ದಾಟಿ ಹೋಗೋ ಗಂಡಸು ಆ ಜಿಲ್ಲಾದಾಗ ಹುಟ್ಟಿರಲಿಲ್ಲ ಬಿಡ್ರಿ.

ಅವತ್ತಿಂದ ಬಂದ ಮಂದಿ ಜೋಡಿ ದಿನಾ ಅದೇ ಜಗಳ, ಅದೇ ಬೈಗುಳ. ರೇಣುಕಾದೇವಿ ಹೊರಗ ಬಂದು ಒಳಗ ಹೋಗೋವಾಗೆಲ್ಲ, "ಬೀಗ್ತಿ, ಕೈ!" ಅಂತ ಒದರೋದು ಬ್ಯಾರೆ. ಒಂದಿನ ಅವಸರದಾಗ ಡಾಕ್ಟರು ಕವಿತಾ ಬಂದಾಗೂ ಬಾಯಿ ಜಾರಿ "ಕೈ!" ಅಂದುಬಿಟ್ಲು. ಅವರು ತೊಳಕೊಂಡೇ ಬಂದಿದ್ರು, ಹಸಿ ಕೈ ಎತ್ತಿ ತೋರಿಸಿ ನಕ್ಕು ಒಳಗ ಹೋದ್ರು. ಮಂದಿ ಎಲ್ಲಾ ಹೋದ ಮ್ಯಾಲೆ ಮಾತ್ರ ದುರಗಮ್ಮ ಬಾಗಲಕ್ಕ ಕಿವಿ ಹಚ್ಚತಿದ್ಲು. ಒಳಗ ಮಷೀನು ಗುಂಯ್ ಅನ್ನೋದು ಬಿಟ್ರ ಏನೂ ಕೇಳ್ತಿರಲಿಲ್ಲ. ಆಗ ಅಬೇದಾಬಿ ಹೆಗಲ ಮ್ಯಾಲೆ ತಲಿ ಇಟ್ಟು ಅಳತಿದ್ಲು.

ಒಂದು ಮಧ್ಯಾಹ್ನ ಕವಿತಾ ಅವರು ತಾವಾಗೇ ಬಂದು ದುರಗಮ್ಮನ ಮುಂದ ಕುಕ್ಕರಗಾಲಿಲೆ ಕುಂತ್ರು. "ಅಮ್ಮಾ, ಹೊಸ ರಿಪೋರ್ಟ್ ಬಂತು. ರಕ್ತದಾಗ ಹುಳ ಇಲ್ಲ. ಗೆದ್ವಿ!" ದುರಗಮ್ಮ ಹಾಕಿದ ಕೇಕೆಗೆ ಕೆಳಗಿನ ಔಷಧದಂಗಡಿ ಮಂದೀನೂ ಓಡಿ ಬಂದ್ರಂತ.

ಮುಂದ ಕೆಲವು ದಿನಕ್ಕ ವಾರ್ಡಿಂದ ವಿಜಯಲಕ್ಷ್ಮಿ ತಾನೇ ಕಾಲೂರಿ ನಡಕೊಂತ ಬಂದ್ಲು. ಕಡ್ಡಿ ಆಗಿದ್ಲು, ಆದ್ರ ನಗತಿದ್ಲು. ಸುದ್ದಿ ತಿಳದು ಮಾವ ಅಮರಪ್ಪನೂ ಬಂದು ದೂರ ಕಂಬದ ಹಂತೇಕ ನಿಂತಿದ್ದ. ದುರಗಮ್ಮನಿಗೆ ಸೊಸಿ ಮಾರಿ ನೋಡಾಕ ಆಗಲಿಲ್ಲ. "ಊರ ಮಂದೀನೆಲ್ಲ ಮಾತಾಡಿಸಿದೆ. ನಿನ್ನ ಮಾತ್ರ ಇಲ್ಲಿ ಒಮ್ಮೆನೂ ಒಳಗ ಬಂದು ನೋಡಲಿಲ್ಲವ್ವ," ಅಂದ್ಲು.

"ಯಾಕ ಅತ್ತಿ ಹಂಗಂತಿ? ನನಗ ಕಣ್ಣು ತಗಿಯಾಕ ಬರ್ತಿರಲಿಲ್ಲ. ಹಗಲೋ ರಾತ್ರಿಯೋ, ಇದ್ದೀನೋ ಸತ್ತೀನೋ ತಿಳೀತಿರಲಿಲ್ಲ. ಬಾಗಲದಾಗ ನೀ ಅಮರಪ್ಪ ಮಾವಗ, ಬಂದ ಮಂದಿಗೆಲ್ಲ ಬೈಯೋದು ಮಾತ್ರ ಕೇಳ್ತಿತ್ತು. ಅತ್ತಿ ಇನ್ನೂ ಜಗಳಾಡಾಕ ಹತ್ಯಾಳ ಅಂದ್ರ ನಾ ಇನ್ನೂ ಅದೀನಿ ಅಂತ ಗಟ್ಟಿ ಹಿಡಕೊಂಡು ಮಲಗಿದ್ದೆ."

ದುರಗಮ್ಮ ಸೊಸಿ ಗಲ್ಲಕ್ಕ ಕೈ ಚಾಚಿದಾಕಿ ತಟ್ಟನ ನಿಂತು ನಳದ ಕಡೆ ಓಡಿದ್ಲು. ಅಲ್ಲಿ ಅಮರಪ್ಪ ಆಗಲೇ ಅಂಗಿ ತೋಳು ಮಡಚಿ, ಮೊಣಕೈತನ ಸಾಬಾಣ ಹಚ್ಚಿಕೊಂಡು ತಿಕ್ಕಾಕ ಹತ್ತಿದ್ದ.

"ಬಾಜೂಕ ಸರಿಯಲೇ," ಅಂದ್ಲು ದುರಗಮ್ಮ ಅಳಕೊಂತ. "ಮೊದಲು ನಾ ಮುಟ್ಟಬೇಕು."