ಹೊಗೆ ಚೀಟಿಯ ಹಿಂಭಾಗ

ಹಾಗಾಗಿ ನಿನ್ನೆ ಹೇಳಿದ ಆ ತೆರಿಗೆಯ ಕೆಲಸಕ್ಕೇ ಇವತ್ತು ಹೋದೆ ಸ್ನೇಹಿತರೇ. ನನ್ನವಳು ತೀರಿಕೊಳ್ಳುವ ಮುಂಚೆ ತಮಿಳುನಾಡಿನ ಹೊಸೂರಿನಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದಳಲ್ಲ, ಅದಕ್ಕೆ ಕರ್ನಾಟಕದ ತೆರಿಗೆ ಕಟ್ಟಬೇಕು. ಹೂಡಿಯ ಆರ್‌ಟಿಒ ಏಜೆಂಟ್ ಹೊಗೆ ತಪಾಸಣೆಯ ಚೀಟಿ ನೋಡಿ, ಅಂಕಿಗಳೆಲ್ಲ ಸರಿಯಾಗಿವೆ ಎಂದು ಅದನ್ನು ಫೈಲಿಗೆ ಪಿನ್ ಹೊಡೆಯಲು ಹೊರಟ.

“ಜೆರಾಕ್ಸ್ ಇಟ್ಕೊಳಪ್ಪ,” ಎಂದೆ.

“ಒರಿಜಿನಲ್ಲೇ ಬೇಕು ಸಾರ್. ಹೊಗೆ ಚೀಟಿ ಇಟ್ಕೊಂಡು ನೀವೇನ್ಮಾಡ್ತೀರಾ?”

“ಐ ಬೆಗ್ ಟು ಸ್ಟೇಟ್...” ಎಂದು ಶುರುಮಾಡಿದೆ. ಕಾಲೇಜಿನಲ್ಲಿ ಕಲಿತ ಅರ್ಜಿಯ ಇಂಗ್ಲಿಷು, ಮುಂದಿನದು ನೆನಪಾಗಲಿಲ್ಲ. ಚೀಟಿ ತಿರುಗಿಸಿ ತೋರಿಸಿದೆ. ಹಿಂದೆ ನನ್ನವಳ ಕೈಬರಹ: ‘ಕಾರು ಓಡಿಸುವಾಗ ಇವರ ಮಾತಿಗೆ ಉತ್ತರ ಕೊಡಬಾರದು.’

ಅವನು ಓದಿ ಸ್ಟೇಪ್ಲರ್ ಕೆಳಗಿಟ್ಟ. “ಮೇಡಂ ಅನುಭವಸ್ಥರು ಬಿಡಿ ಸಾರ್. ಪಕ್ಕದಲ್ಲೇ ಇನ್ನೊಂದ್ಸಲ ಟೆಸ್ಟ್ ಮಾಡ್ಸಿ, ಹೊಸ ಚೀಟಿ ಕೊಡಿ. ಇದು ನಿಮ್ಹತ್ರಾನೇ ಇರ್ಲಿ.”

ಮಾಡಿಸಿದೆ. ಹೊಸ ಚೀಟಿಯಲ್ಲೂ ಹೊಗೆ ಮಿತಿಯೊಳಗೇ ಇದೆ, ಹಿಂಭಾಗ ಮಾತ್ರ ಖಾಲಿ. ಮನೆಯವರೆಗೂ ಅವಳೊಡನೆ ಮಾತಾಡಿಕೊಂಡೇ ಕಾರು ಓಡಿಸಿದೆ. ಅವಳು ಬರೆದಂತೆಯೇ ನಡೆದುಕೊಂಡಳು.

ಬೆಳಕು ಇಳಿಯುತ್ತಿದೆ. ಚೀಟಿಯ ಅಕ್ಷರ ಕಾಣುವಾಗಲೇ ಇನ್ನೊಮ್ಮೆ ಓದಿಬಿಡುತ್ತೇನೆ.